ಎಥೆಮ್ ಪ್ರಕರಣ: ಜಗಳ ದಂಡಿನದು, ದಂಡ ತೆತ್ತವರು ಹಳ್ಳಿಯವರು

1920ರ ಬೇಸಿಗೆಯಲ್ಲಿ, ಟರ್ಕಿಯ ಸುಲ್ತಾನನಿಗೆ ಎದುರಾಗಿ ಅಂಕಾರಾದಲ್ಲಿ ಎದ್ದ ಹೊಸ ಸರ್ಕಾರ ಎಥೆಮ್ ಎಂಬ ಸವಾರರ ನಾಯಕನನ್ನು ವೀರನೆಂದು ಬರಮಾಡಿಕೊಂಡಿತು. 1921ರ ಜನವರಿಯಲ್ಲಿ ಅದೇ ಸರ್ಕಾರ ಆತನನ್ನು ದೇಶದ್ರೋಹಿ ಎಂದಿತು. ಟರ್ಕಿಯ ಇತಿಹಾಸದಲ್ಲಿ ಇಷ್ಟು ಬೇಗ ಮೇಲೇರಿ, ಇಷ್ಟು ಬೇಗ ಬಿದ್ದವರು ಕಡಿಮೆ. ಆದರೆ ಈ ಪ್ರಕರಣವನ್ನು ಒಬ್ಬ ಮನುಷ್ಯನ ಏರಿಳಿತದ ಕಥೆಯಾಗಿ ಓದಿ ಬಿಟ್ಟುಬಿಡುವುದು ಸರಿಯಲ್ಲ. ಎಥೆಮ್ ಚೆರ್ಕೆಸ್ ಜನಾಂಗದವನು. ಆತ ಸೋತ ಮೇಲೆ, ಆತನ ಜೊತೆ ಯಾವ ಸಂಬಂಧವೂ ಇಲ್ಲದ ಚೆರ್ಕೆಸ್ ಕುಟುಂಬಗಳು ಮನೆಮಠ ಬಿಟ್ಟು ಹೊರಡಬೇಕಾಯಿತು. ಆ ಎರಡು ಸಂಗತಿಗಳ ನಡುವೆ ನಿಜವಾಗಿ ಸಂಬಂಧ ಇತ್ತಾ? ಇಲ್ಲ ಅನ್ನುವುದು ನನ್ನ ವಾದ. ಘಟನೆಗಳನ್ನು ಒಂದೊಂದಾಗಿ ನೋಡೋಣ.

ಕಡಲು ದಾಟಿ ಬಂದವರು

ಚೆರ್ಕೆಸ್ಸರ ಮೂಲ ನೆಲ ಕಪ್ಪು ಸಮುದ್ರದ ಈಶಾನ್ಯ ದಂಡೆ ಮತ್ತು ಅದರ ಹಿಂದಿನ ಕಾಕಸಸ್ ಬೆಟ್ಟಗಳು. ರಷ್ಯಾದ ತ್ಸಾರ್ ಸೇನೆ ದಶಕಗಳ ಕಾಲ ಅವರ ಜೊತೆ ಯುದ್ಧ ಮಾಡಿತು. 1864ರ ಮೇ 21ರಂದು ಯುದ್ಧ ಮುಗಿಯಿತು ಎಂದು ರಷ್ಯಾ ಸಾರಿತು. ಅಷ್ಟರಲ್ಲಿ ಲಕ್ಷಾಂತರ ಜನ ತಮ್ಮ ಊರುಗಳಿಂದ ದಂಡೆಗೆ ತಳ್ಳಲ್ಪಟ್ಟಿದ್ದರು. ತುಂಬಿ ತುಳುಕುವ ದೋಣಿಗಳಲ್ಲಿ ಅವರು ಒಟ್ಟೋಮನ್ ಬಂದರುಗಳಾದ ತ್ರಾಬ್ಜೋನ್, ಸಾಮ್ಸುನ್, ವಾರ್ನಾ ಕಡೆ ಹೊರಟರು. ದಾರಿಯಲ್ಲಿ ಹಸಿವು, ಸಿಡುಬು, ಟೈಫಸ್‌ಗೆ ಸತ್ತವರು ಲೆಕ್ಕವಿಲ್ಲದಷ್ಟು. ಇಂದಿಗೂ ಪ್ರಪಂಚದ ಎಲ್ಲ ಕಡೆಯ ಚೆರ್ಕೆಸ್ಸರು ಮೇ 21ನ್ನು ದುಃಖದ ದಿನವಾಗಿ ಆಚರಿಸುತ್ತಾರೆ.

ಒಟ್ಟೋಮನ್ ಸಾಮ್ರಾಜ್ಯಕ್ಕೆ ಬಂದ ಮೇಲೆ ಅವರ ಬದುಕು ಎರಡು ದಾರಿ ಹಿಡಿಯಿತು. ಒಂದು ದಾರಿ ಅರಮನೆ ಮತ್ತು ಸೇನೆಯ ಕಡೆಗೆ. ಈ ದಾರಿ 1864ಕ್ಕಿಂತ ಎಷ್ಟೋ ಮೊದಲೇ ಇತ್ತು. ಕಾಕಸಸ್‌ನ ಹೆಣ್ಣುಮಕ್ಕಳು, ಗಂಡುಮಕ್ಕಳು ಗುಲಾಮರಾಗಿ ಇಸ್ತಾಂಬುಲ್‌ಗೆ ಬರುತ್ತಿದ್ದರು. ಅದರಲ್ಲಿ ಕೆಲವರು ಅಧಿಕಾರದ ತುದಿಗೇರಿದರು. ಸುಲ್ತಾನ ಎರಡನೇ ಅಬ್ದುಲ್ ಹಮೀದನನ್ನು ಹೆತ್ತ ತಿರಿಮುಜ್‌ಗಾನ್ ಚೆರ್ಕೆಸ್ ಮೂಲದವಳು. ಎಳೆಯ ವಯಸ್ಸಿನಲ್ಲೇ ಕಾಕಸಸ್‌ನಿಂದ ಮಾರಾಟವಾಗಿ ಬಂದ ಹೈರೆದ್ದೀನ್ ಪಾಶಾ ಟ್ಯುನಿಸಿಯಾದ ಪ್ರಧಾನಿಯಾದ. ಮುಂದೆ 1878ರ ಕೊನೆಗೆ ಇಡೀ ಸಾಮ್ರಾಜ್ಯದ ಪ್ರಧಾನ ವಜೀರನೂ ಆದ.

ಇನ್ನೊಂದು ದಾರಿ ಬಡವರದು, ಅದರಲ್ಲೇ ಜನ ಜಾಸ್ತಿ. ಸರ್ಕಾರ ಅವರನ್ನು ಬೇಕಾದ ಕಡೆ ಕೂರಿಸಿತು. ಮೊದಲು ಬಾಲ್ಕನ್ ಪ್ರದೇಶದಲ್ಲಿ ನೆಲೆ ಕೊಟ್ಟಿತು. 1877-78ರ ರಷ್ಯಾ ಯುದ್ಧದಲ್ಲಿ ಸೋತ ಮೇಲೆ ಅಲ್ಲಿಂದಲೂ ಎಬ್ಬಿಸಿ ಅನಟೋಲಿಯಾ, ಸಿರಿಯಾ, ಜೋರ್ಡಾನ್ ಕಡೆ ಕಳಿಸಿತು. ಮರ್ಮರಾ ಸಮುದ್ರದ ದಕ್ಷಿಣಕ್ಕಿರುವ ಬಂದಿರ್ಮಾ, ಗ್ಯೋನೆನ್, ಮನ್ಯಾಸ್ ಸುತ್ತ ಹತ್ತಾರು ಚೆರ್ಕೆಸ್ ಹಳ್ಳಿಗಳು ಹುಟ್ಟಿದವು. ಪೂರ್ವಕ್ಕೆ ಅದಾಪಜಾರಿ, ದೂಜ್ಜೆ ಕಡೆಯೂ ಹಾಗೆಯೇ. ಜಮೀನಿಗಾಗಿ ಅಕ್ಕಪಕ್ಕದವರ ಜೊತೆ ಜಗಳ ತಪ್ಪಲಿಲ್ಲ. ಸರ್ಕಾರ ದೂರದಲ್ಲಿತ್ತು. ಕುದುರೆ, ಬಂದೂಕು, ನೆಂಟರ ಬಲ ಇದ್ದವನೇ ಊರಿಗೆ ರಕ್ಷಣೆ. ಇಂಥ ಕಡೆ ದರೋಡೆ ತಂಡಕ್ಕೂ ಕಾವಲು ತಂಡಕ್ಕೂ ನಡುವೆ ಗೆರೆ ಎಳೆಯುವುದು ಕಷ್ಟ. ಎಥೆಮ್‌ನನ್ನು ಅರ್ಥ ಮಾಡಿಕೊಳ್ಳಲು ಈ ಹಿನ್ನೆಲೆ ಬೇಕೇ ಬೇಕು.

ಮನುಷ್ಯ

ಎಥೆಮ್ ಹುಟ್ಟಿದ್ದು 1886ರಲ್ಲಿ, ಬಂದಿರ್ಮಾ ಹತ್ತಿರದ ಎಮ್ರೆಕ್ಯೋಯ್ ಎಂಬ ಹಳ್ಳಿಯಲ್ಲಿ. ಚೆರ್ಕೆಸ್ಸರಲ್ಲಿ ಶಾಪ್ಸುಗ್ ಪಂಗಡ. ತಂದೆ ಅಲಿ ಬೇ ಸ್ಥಿತಿವಂತ. ಅಣ್ಣಂದಿರಾದ ರೆಶಿತ್ ಮತ್ತು ತೆವ್ಫಿಕ್ ಸೇನೆಯ ಅಧಿಕಾರಿಗಳಾದರು. ರೆಶಿತ್ ಮುಂದೆ ಸಂಸತ್ತಿಗೂ ಹೋದ. ಎಥೆಮ್‌ಗೆ ಅಷ್ಟು ಓದು ಸಿಗಲಿಲ್ಲ. ಅಶ್ವದಳದ ಕೆಳದರ್ಜೆಯ ಅಧಿಕಾರಿಯಾಗಿ ತರಬೇತಿ ಪಡೆದ. ಬಾಲ್ಕನ್ ಯುದ್ಧದಲ್ಲಿ ಗಾಯಗೊಂಡ. ಮೊದಲ ಮಹಾಯುದ್ಧದಲ್ಲಿ ಸರ್ಕಾರದ ಗುಪ್ತದಳದ ಜೊತೆ, ರವೂಫ್ ಬೇ ನಾಯಕತ್ವದಲ್ಲಿ ಇರಾನ್ ಗಡಿಯ ಕಡೆ ಹೋಗಿ ಬಂದ.

ಈ ರವೂಫ್ ಬೇ ಯಾರು? ಮುಂದೆ ರವೂಫ್ ಓರ್ಬೇ ಎಂದು ಹೆಸರಾದವನು. ಅವನ ಬೇರೂ ಕಾಕಸಸ್‌ನಲ್ಲೇ. 1913ರಲ್ಲಿ ಹಮೀದಿಯೆ ಯುದ್ಧನೌಕೆಯ ಕಪ್ತಾನನಾಗಿ ಜನಪ್ರಿಯನಾದ. 1918ರ ಅಕ್ಟೋಬರ್ 30ರಂದು ಸಾಮ್ರಾಜ್ಯದ ಪರವಾಗಿ ಕದನವಿರಾಮಕ್ಕೆ ಸಹಿ ಹಾಕಿದ. 1922-23ರಲ್ಲಿ ಅಂಕಾರಾದ ಪ್ರಧಾನಿಯಾಗಿದ್ದ. ನಮ್ಮವರಿಗೆ ಆಸಕ್ತಿ ಹುಟ್ಟಿಸುವ ಸಂಗತಿ ಒಂದಿದೆ. 1933ರಲ್ಲಿ, ದೇಶ ಬಿಟ್ಟು ಹೊರಗಿದ್ದಾಗ, ಆತ ಡಾ. ಅನ್ಸಾರಿಯವರ ಕರೆಗೆ ಓಗೊಟ್ಟು ದೆಹಲಿಗೆ ಬಂದು ಜಾಮಿಯಾ ಮಿಲ್ಲಿಯಾದಲ್ಲಿ ಉಪನ್ಯಾಸ ಕೊಟ್ಟಿದ್ದ.

ಎಥೆಮ್‌ಗೆ ಇನ್ನೊಂದು ಮುಖವೂ ಇತ್ತು. ಅದನ್ನು ಮುಚ್ಚಿಡುವುದು ಬೇಡ. 1919ರ ಫೆಬ್ರವರಿಯಲ್ಲಿ ಆತ ಇಜ್ಮಿರ್‌ನ ಹಿಂದಿನ ಗವರ್ನರ್ ರಹ್ಮಿ ಬೇಯ ಚಿಕ್ಕ ಮಗನನ್ನು ಅಪಹರಿಸಿದ. ದೊಡ್ಡ ಮೊತ್ತದ ಹಣ ಪಡೆದ ಮೇಲೆಯೇ ಹುಡುಗನನ್ನು ಬಿಟ್ಟ. ಅಂದರೆ ಮೂರು ತಿಂಗಳ ನಂತರ ದೇಶ ಉಳಿಸಲು ಬಂದೂಕು ಹಿಡಿದವನು ಆಗಷ್ಟೇ ಒಂದು ಮಗುವನ್ನು ಒತ್ತೆ ಇಟ್ಟುಕೊಂಡಿದ್ದ. ಇದು ಗೊತ್ತಿದ್ದೇ ಎಲ್ಲರೂ ಆತನನ್ನು ಕರೆದರು.

ಸೇನೆ ಇಲ್ಲದ ಸರ್ಕಾರ

1919ರ ಮೇ 15ರಂದು ಗ್ರೀಕ್ ಸೇನೆ ಇಜ್ಮಿರ್‌ನಲ್ಲಿ ಇಳಿಯಿತು. ಸೋತ ಒಟ್ಟೋಮನ್ ಸೇನೆಯನ್ನು ಕದನವಿರಾಮದ ಕರಾರಿನಂತೆ ವಿಸರ್ಜಿಸಲಾಗುತ್ತಿತ್ತು. ಎದುರು ನಿಲ್ಲುವವರು ಯಾರು? ರವೂಫ್ ಬೇ ಬಂದಿರ್ಮಾ ಕಡೆ ಬಂದು ಹಳೆಯ ಪರಿಚಯದವರನ್ನು ಮಾತಾಡಿಸಿದ. ಅಲ್ಲಿ ಸೇನೆಯ ಅಧಿಕಾರಿಯಾಗಿದ್ದ ಕರ್ನಲ್ ಬೆಕಿರ್ ಸಾಮಿ ಕೂಡ ಚೆರ್ಕೆಸ್. ಎಥೆಮ್ ಕುದುರೆ ಹತ್ತಿದ. ನೆಂಟರು, ಹಳ್ಳಿಯ ಯುವಕರು, ಹಳೆಯ ಸಿಪಾಯಿಗಳು, ಜೈಲಿಂದ ಬಂದವರು ಎಲ್ಲರೂ ಸೇರಿಕೊಂಡರು. ಇಜ್ಮಿರ್‌ನ ಪೂರ್ವಕ್ಕಿರುವ ಸಾಲಿಹ್ಲಿಯಲ್ಲಿ ಆತ ಗ್ರೀಕರ ಎದುರು ಒಂದು ಸಾಲು ಕಟ್ಟಿ ನಿಲ್ಲಿಸಿದ.

1920ರ ಏಪ್ರಿಲ್ ಅಂಕಾರಾದವರ ಪಾಲಿಗೆ ಬಹಳ ಕೆಟ್ಟ ತಿಂಗಳು. ಇಸ್ತಾಂಬುಲ್ ಬ್ರಿಟಿಷರ ಹಿಡಿತದಲ್ಲಿತ್ತು. ರವೂಫ್ ಬೇಯನ್ನು ಬ್ರಿಟಿಷರು ಹಿಡಿದು ಮಾಲ್ಟಾ ದ್ವೀಪಕ್ಕೆ ಸಾಗಿಸಿದ್ದರು. ಏಪ್ರಿಲ್ 11ರಂದು ಸುಲ್ತಾನನ ಕಡೆಯ ಶೇಖ್-ಉಲ್-ಇಸ್ಲಾಂ, ಅಂದರೆ ಸಾಮ್ರಾಜ್ಯದ ಮುಖ್ಯ ಧರ್ಮಾಧಿಕಾರಿ, ಅಂಕಾರಾದ ನಾಯಕ ಮುಸ್ತಫಾ ಕೆಮಾಲ್ (ಮುಂದಿನ ಅತಾತುರ್ಕ್) ಕಡೆಯವರನ್ನು ಕೊಲ್ಲುವುದು ಧರ್ಮಸಮ್ಮತ ಎಂದು ಫತ್ವಾ ಹೊರಡಿಸಿದ. ದೂಜ್ಜೆ, ಬೋಲು ಕಡೆ ದಂಗೆ ಎದ್ದಿತು. ಮರ್ಮರಾ ದಕ್ಷಿಣದಲ್ಲಿ ಅಹ್ಮದ್ ಅಂಜಾವುರ್ ಸುಲ್ತಾನನ ಹೆಸರಲ್ಲಿ ಊರೂರು ಗೆಲ್ಲುತ್ತಿದ್ದ. ಏಪ್ರಿಲ್ 23ಕ್ಕೆ ಅಂಕಾರಾದಲ್ಲಿ ರಾಷ್ಟ್ರೀಯ ಸಂಸತ್ತು ಶುರುವಾಯಿತು. ಆದರೆ ಅದರ ಮಾತು ಕೇಳುವ ಗಟ್ಟಿ ಸೇನೆಯೇ ಇರಲಿಲ್ಲ.

ಈ ಅಂಜಾವುರ್ ಯಾರು ಗೊತ್ತಾ? ಆತನೂ ಚೆರ್ಕೆಸ್. ಸುಲ್ತಾನನಿಂದ ಪಾಶಾ ಪದವಿ ಪಡೆದವನು. ಅವನ ಹಿಂಬಾಲಕರಲ್ಲಿ ಅದೇ ಗ್ಯೋನೆನ್, ಮನ್ಯಾಸ್, ಬಿಗಾ ಕಡೆಯ ಚೆರ್ಕೆಸ್ ಸವಾರರಿದ್ದರು. ಅವನನ್ನು ಸೋಲಿಸಲು ಅಂಕಾರಾ ಕಳಿಸಿದ್ದು ಎಥೆಮ್‌ನನ್ನು. ಏಪ್ರಿಲ್ ಮಧ್ಯದಲ್ಲಿ ಎಥೆಮ್ ಅಂಜಾವುರ್ ದಂಡನ್ನು ಚದುರಿಸಿದ. ಅಲ್ಲಿಂದ ದೂಜ್ಜೆ, ಬೋಲು ಕಡೆ ಹೊರಟ. ದಂಗೆಯ ಮುಖಂಡರನ್ನು ಸುಮ್ನೆ ಬಿಡಲಿಲ್ಲ, ಗಲ್ಲಿಗೇರಿಸಿದ. ಅವರಲ್ಲೂ ಚೆರ್ಕೆಸ್ಸರಿದ್ದರು. ಜೂನ್‌ನಲ್ಲಿ ಮಧ್ಯ ಅನಟೋಲಿಯಾದ ಯೋಜ್ಗಾತ್‌ನಲ್ಲಿ ಚಾಪಾನೋಗ್ಲು ಮನೆತನ ದಂಗೆ ಎದ್ದಿತು. ಜೂನ್ 23ರಂದು ಎಥೆಮ್ ಊರಿಗೆ ನುಗ್ಗಿ ಅದನ್ನೂ ಅಡಗಿಸಿದ. ಆತನ ದಂಡು ಅಲ್ಲಿ ಲೂಟಿಯನ್ನೂ ಮಾಡಿತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಆ ವಸಂತದಲ್ಲಿ ಎಥೆಮ್ ಇರದಿದ್ದರೆ ಅಂಕಾರಾ ಸರ್ಕಾರ ಮೊದಲ ವರ್ಷ ದಾಟುತ್ತಿತ್ತಾ? ನನಗೆ ಅನುಮಾನವಿದೆ. ಆತನ ಮೇಲೆ ಎಷ್ಟೇ ದೂರಿದ್ದರೂ ಈ ಋಣವನ್ನು ಲೆಕ್ಕದಿಂದ ಅಳಿಸಿಹಾಕಲು ಆಗುವುದಿಲ್ಲ.

ಜಗಳದ ಬೇರು

ಯೋಜ್ಗಾತ್‌ನಲ್ಲೇ ಬಿರುಕು ಬಿಟ್ಟಿತು. ಅಲ್ಲಿನ ದಂಗೆಗೆ ಅಂಕಾರಾದ ಗವರ್ನರ್ ಯಾಹ್ಯಾ ಗಾಲಿಪ್ ಕಾರಣ, ಅವನನ್ನು ವಿಚಾರಣೆಗೆ ನನ್ನ ಹತ್ತಿರ ಕಳಿಸಿ ಎಂದು ಎಥೆಮ್ ಕೇಳಿದ. ವಿಚಾರಣೆ ಅಂದರೆ ಕೊನೆಗೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮುಸ್ತಫಾ ಕೆಮಾಲ್ ಒಪ್ಪಲಿಲ್ಲ. ಒಬ್ಬ ದಂಡಿನ ನಾಯಕ ರಾಜಧಾನಿಯ ಗವರ್ನರನ್ನೇ ಗಲ್ಲಿಗೇರಿಸುವಷ್ಟು ಬೆಳೆದರೆ ಸರ್ಕಾರ ಯಾರದು? ಕೆಮಾಲ್ ಮನಸ್ಸಿನಲ್ಲಿ ಈ ಪ್ರಶ್ನೆ ಆಗಲೇ ಕೂತಿರಬೇಕು.

ಎಥೆಮ್ ಯೋಜ್ಗಾತ್‌ನಲ್ಲಿದ್ದಾಗಲೇ, ಜೂನ್ 22ರಂದು, ಗ್ರೀಕರು ದೊಡ್ಡ ದಾಳಿ ಶುರುಮಾಡಿದರು. ಜುಲೈ 8ಕ್ಕೆ ಬುರ್ಸಾ ನಗರ ಬಿದ್ದಿತು. ಸಾಲಿಹ್ಲಿ ಸಾಲು ಮುರಿಯಿತು. ಬಿಡಿ ತಂಡಗಳಿಂದ ಒಂದು ನಿಜವಾದ ಸೇನೆಯನ್ನು ತಡೆಯಲು ಆಗುವುದಿಲ್ಲ ಎಂಬುದು ಎಲ್ಲರಿಗೂ ಕಂಡಿತು. ದಂಗೆ ಅಡಗಿಸಲು ವೇಗದ ಸವಾರರು ಸಾಕು. ಹತ್ತಾರು ಸಾವಿರ ಸೈನಿಕರು, ಫಿರಂಗಿ, ರೈಲು ಹಾದಿ ಇರುವ ಶತ್ರುವಿನ ಎದುರು ಕಂದಕ ತೋಡಿ ವಾರಗಟ್ಟಲೆ ಕೂರಬೇಕು. ಅದಕ್ಕೆ ಸಂಬಳ, ಊಟ, ಲೆಕ್ಕ, ಶಿಸ್ತು ಬೇಕು.

ಎಥೆಮ್ ದಂಡಿನ ಲೆಕ್ಕವೇ ಬೇರೆ. ಅದಕ್ಕೆ 'ಸಂಚಾರಿ ಪಡೆ' ಎಂದು ಹೆಸರಿತ್ತು. ಕೆಲವು ಸಾವಿರ ಜನ. ಸಿಪಾಯಿಗೆ ನಿಷ್ಠೆ ಇದ್ದದ್ದು ನಾಯಕನಿಗೆ, ಸಂಸ್ಥೆಗಲ್ಲ. ಸಂಬಳ ಸೇನೆಗಿಂತ ಚೆನ್ನಾಗಿತ್ತು. ಹಣ ಬರುತ್ತಿದ್ದದ್ದು ಊರ ಶ್ರೀಮಂತರಿಂದ, ರೈತರಿಂದ ಮಾಡುತ್ತಿದ್ದ ವಸೂಲಿಯಿಂದ. ಕೊಡದವನಿಗೆ ಗತಿ ಇಲ್ಲ. ಸೇನೆಯ ಸಿಪಾಯಿಗಳೂ ಆ ಕಡೆಗೆ ಜಾರುತ್ತಿದ್ದರು. ಅರೆಹೊಟ್ಟೆಯಲ್ಲಿ ಕಂದಕ ಕಾಯುವವನು ಪಕ್ಕದಲ್ಲೇ ಕುದುರೆ, ಸಂಬಳ, ಹೆಸರು ಸಿಗುವ ದಂಡು ಇದೆಯೆಂದರೆ ಯಾಕೆ ನಿಲ್ಲುತ್ತಾನೆ, ಅಲ್ವಾ? ಇವೆರಡೂ ಒಂದೇ ರಂಗದಲ್ಲಿ ಜಾಸ್ತಿ ದಿನ ಇರಲು ಸಾಧ್ಯವೇ ಇರಲಿಲ್ಲ.

ರಾಜಕೀಯವೂ ಸೇರಿತು. ಸೋವಿಯತ್ ರಷ್ಯಾದ ಗಾಳಿ ಬೀಸುತ್ತಿದ್ದ ಕಾಲ. 'ಹಸಿರು ಸೇನೆ' ಎಂಬ ಎಡಪಂಥದ ಒಲವಿನ ಗುಪ್ತ ಸಂಘ ಹುಟ್ಟಿತ್ತು. ಎಥೆಮ್ ಅದರೊಳಗೆ ಬಂದ ಮೇಲೆ ಅದಕ್ಕೆ ಬಂದೂಕಿನ ಬಲವೂ ಬಂತು. ಎಸ್ಕಿಶೆಹಿರ್ ಊರಿಂದ ಆತನ ಬೆಂಬಲದಲ್ಲಿ 'ಯೆನಿ ದುನ್ಯಾ' ಎಂಬ ಪತ್ರಿಕೆ ಹೊರಬರುತ್ತಿತ್ತು. ಎಥೆಮ್ ಸಿದ್ಧಾಂತ ಓದಿದ ಮನುಷ್ಯ ಎಂದು ನನಗೆ ಅನ್ನಿಸುವುದಿಲ್ಲ. ಆದರೆ ದಂಡು, ಪತ್ರಿಕೆ, ಸಂಘ, ಸಂಸತ್ತಿನಲ್ಲಿ ಒಬ್ಬ ಅಣ್ಣ, ಇಷ್ಟೂ ಒಂದೇ ಕುಟುಂಬದ ಕೈಯಲ್ಲಿದ್ದರೆ ಯಾವ ಸರ್ಕಾರಕ್ಕೆ ನಿದ್ದೆ ಬರುತ್ತದೆ?

1920ರ ಅಕ್ಟೋಬರ್ 24ರಂದು ಗೆದಿಜ್ ಎಂಬಲ್ಲಿ ಗ್ರೀಕರ ಮೇಲೆ ದಾಳಿ ನಡೆಯಿತು. ಪಶ್ಚಿಮ ರಂಗದ ದಳಪತಿ ಅಲಿ ಫುವಾತ್ ಪಾಶಾ ಮತ್ತು ಎಥೆಮ್ ಇಬ್ಬರೂ ಬಯಸಿದ ದಾಳಿ ಅದು. ಕೈಗೂಡಲಿಲ್ಲ. ಸೇನೆಯವರು ಎಥೆಮ್ ಕಡೆ ಬೆರಳು ತೋರಿದರು, ಎಥೆಮ್ ಸೇನೆಯ ಕಡೆ ತೋರಿದ. ನವೆಂಬರ್‌ನಲ್ಲಿ ಕೆಮಾಲ್ ಅಲಿ ಫುವಾತ್‌ನನ್ನು ಮಾಸ್ಕೋಗೆ ರಾಯಭಾರಿಯಾಗಿ ಕಳಿಸಿದ. ರಂಗವನ್ನು ಎರಡು ಮಾಡಿ ಪಶ್ಚಿಮವನ್ನು ಇಸ್ಮೆತ್ ಎಂಬ ಸೇನಾಧಿಕಾರಿಗೆ, ದಕ್ಷಿಣವನ್ನು ರೆಫೆತ್ ಎಂಬ ಇನ್ನೊಬ್ಬ ಅಧಿಕಾರಿಗೆ ಕೊಟ್ಟ.

ಈ ಬದಲಾವಣೆ ನನ್ನ ಕಣ್ಣಿಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಎಥೆಮ್ ಮಾತು ಕೇಳುತ್ತಿದ್ದ ದೊಡ್ಡವರು ಇಬ್ಬರು. ರವೂಫ್ ಬೇ ಮಾಲ್ಟಾದಲ್ಲಿ ಸೆರೆಯಾಗಿದ್ದ. ಅಲಿ ಫುವಾತ್ ಮಾಸ್ಕೋ ದಾರಿ ಹಿಡಿದ. ನಡುವೆ ನಿಂತು ಸಮಾಧಾನ ಮಾಡುವವರೇ ಇಲ್ಲವಾದರು. ಉಳಿದದ್ದು ಇಸ್ಮೆತ್. ಕಾಗದ, ಪಟ್ಟಿ, ಆದೇಶ ನಂಬುವ ಅಧಿಕಾರಿ.

ಮುರಿದುಬಿದ್ದದ್ದು ಕೂಡ ಕಾಗದದ ಮೇಲೆಯೇ. ಸಂಚಾರಿ ಪಡೆಯಲ್ಲಿ ಎಷ್ಟು ಜನ, ಎಷ್ಟು ಬಂದೂಕು ಎಂದು ಲೆಕ್ಕ ಕೊಡಿ ಎಂದು ಇಸ್ಮೆತ್ ಕೇಳಿದ. ಎಥೆಮ್ ಕಾಯಿಲೆಯಿಂದ ಅಂಕಾರಾದಲ್ಲಿದ್ದ, ಅಣ್ಣ ತೆವ್ಫಿಕ್ ದಂಡು ನೋಡಿಕೊಳ್ಳುತ್ತಿದ್ದ. ತೆವ್ಫಿಕ್ ಲೆಕ್ಕ ಕೊಡಲಿಲ್ಲ. ದಿನದ ವರದಿಗಳನ್ನು ರಂಗದ ದಳಪತಿಗೆ ಕಳಿಸುವುದನ್ನೂ ನಿಲ್ಲಿಸಿದ. ಯಾವ ಸೇನೆಯೂ ಇದನ್ನು ಸಹಿಸುವುದಿಲ್ಲ. ಇಲ್ಲಿ ತಪ್ಪು ಸೋದರರದು ಎಂದು ನೇರವಾಗಿ ಹೇಳುತ್ತೇನೆ.

ಡಿಸೆಂಬರ್ ಮೊದಲಲ್ಲಿ ಕೆಮಾಲ್ ಎಥೆಮ್‌ನನ್ನೂ ರೆಶಿತ್‌ನನ್ನೂ ರೈಲಿನಲ್ಲಿ ಎಸ್ಕಿಶೆಹಿರ್‌ಗೆ ಕರೆದುಕೊಂಡು ಹೋದ. ಇಸ್ಮೆತ್ ಜೊತೆ ಕೂರಿಸಿ ಮಾತಾಡಿಸುವ ಉದ್ದೇಶ. ಎಸ್ಕಿಶೆಹಿರ್‌ನಲ್ಲಿ ನೋಡಿದರೆ ಎಥೆಮ್ ಇಲ್ಲ. ಹೇಳದೆ ತನ್ನ ದಂಡಿನ ಕಡೆ ಹೊರಟುಹೋಗಿದ್ದ. ತನ್ನನ್ನು ಹಿಡಿಯುತ್ತಾರೆ ಎಂಬ ಭಯ ಆತನಿಗಿತ್ತು.

ಗಡಿ ದಾಟಿದ ದಿನಗಳು

ತಿಂಗಳ ಕೊನೆಗೆ ಸೇನೆ ಹೊರಟಿತು. ಡಿಸೆಂಬರ್ 29ಕ್ಕೆ ಕುತಾಹ್ಯ ಸೇನೆಯ ಕೈಗೆ ಬಂತು. ಎಥೆಮ್ ಸಂಸತ್ತಿಗೆ ಕಟುವಾದ ತಂತಿ ಕಳಿಸಿದ. ಜನವರಿ ಮೊದಲ ವಾರ ಗೆದಿಜ್ ಕೂಡ ಹೋಯಿತು. ಆತನ ಸಿಪಾಯಿಗಳಲ್ಲಿ ಬಹಳ ಜನ ಹೋರಾಡಲಿಲ್ಲ. ಕೆಲವರು ಸೇನೆ ಸೇರಿದರು, ಕೆಲವರು ಮನೆಗೆ ಹೋದರು. ನಾಯಕನಿಗೆ ಮಾತ್ರ ನಿಷ್ಠೆ ಇರುವ ದಂಡು ನಾಯಕ ಸೋಲುತ್ತಿದ್ದಾನೆ ಎಂದು ಗೊತ್ತಾದ ಕೂಡಲೇ ಕರಗಿತು.

ಜನವರಿ 6ರಂದು ಗ್ರೀಕರು ಮುಂದೆ ಬಂದರು. ಇನೋನು ಎಂಬಲ್ಲಿ ಇಸ್ಮೆತ್ ಸೇನೆ ಅವರನ್ನು ತಡೆಯಿತು. ಹೊಸ ಸೇನೆಯ ಮೊದಲ ಗೆಲುವು ಅದು. ಜನರ ಮನಸ್ಸಿನಲ್ಲಿ ಎರಡು ಘಟನೆಗಳು ಒಂದಕ್ಕೊಂದು ಅಂಟಿಕೊಂಡವು: ಶತ್ರು ಬರುವಾಗ ಎಥೆಮ್ ಬೆನ್ನಿಗೆ ಇರಿದ ಎಂದು. ಜನವರಿ 8ರಂದು ರೆಶಿತ್‌ನ ಸಂಸತ್ ಸದಸ್ಯತ್ವ ಹೋಯಿತು. ಅದೇ ತಿಂಗಳಲ್ಲಿ ಎಥೆಮ್ ಸೋದರರ ಜೊತೆ ಗ್ರೀಕರ ಸಾಲು ದಾಟಿದ. ಹೋಗಲು ಬೇರೆ ದಾರಿ ಉಳಿದಿರಲಿಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೂ ಒಂದೂವರೆ ವರ್ಷ ಯಾರ ವಿರುದ್ಧ ಕಾದಾಡಿದನೋ ಅವರ ಬಳಿಗೇ ಹೋಗಿ ನಿಂತ ಮೇಲೆ, ಆತನ ಪರ ಮಾತಾಡುವವರ ಬಾಯಿ ಕಟ್ಟಿಹೋಯಿತು.

ಇದರಲ್ಲಿ ಜನಾಂಗ ಎಲ್ಲಿದೆ?

ಜಗಳವನ್ನು ಎಷ್ಟು ತಿರುಗಿಸಿ ನೋಡಿದರೂ ಚೆರ್ಕೆಸ್ಸರ ಹಕ್ಕು, ಭಾಷೆ, ನೆಲದ ಬೇಡಿಕೆ ಅದರಲ್ಲಿ ಸಿಗುವುದಿಲ್ಲ. ಎಥೆಮ್ ಸೋಲಿಸಿದ ಅಂಜಾವುರ್ ಚೆರ್ಕೆಸ್. ಎಥೆಮ್‌ನನ್ನು ಕಣಕ್ಕೆ ಕರೆತಂದ ಬೆಕಿರ್ ಸಾಮಿ ಚೆರ್ಕೆಸ್. ಬಂದಿರ್ಮಾದಲ್ಲಿ 14ನೇ ಸೇನಾದಳದ ದಳಪತಿಯಾಗಿದ್ದ ಯೂಸುಫ್ ಇಜ್ಜೆತ್ ಪಾಶಾ ಚೆರ್ಕೆಸ್, ತನ್ನ ಜನರ ಇತಿಹಾಸ ಬರೆದವನು, ಕೊನೆಯವರೆಗೂ ಅಂಕಾರಾ ಕಡೆಯೇ ಇದ್ದ. ಒಂದೇ ಜಿಲ್ಲೆಯ, ಒಂದೇ ಜನಾಂಗದ ಗಂಡಸರು ಸುಲ್ತಾನನ ಕಡೆ, ಕೆಮಾಲ್ ಕಡೆ, ತಮ್ಮದೇ ಕಡೆ, ಹೀಗೆ ಎಲ್ಲ ಕಡೆ ಹಂಚಿಹೋಗಿದ್ದರು.

ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ದೆಮಿರ್ಜಿ ಮೆಹ್ಮೆತ್ ಎಫೆಯನ್ನು ನೋಡಿ. ಐದಿನ್ ಪ್ರಾಂತ್ಯದಲ್ಲಿ ಗ್ರೀಕರ ವಿರುದ್ಧ ದಂಡು ಕಟ್ಟಿದ ಇನ್ನೊಬ್ಬ ನಾಯಕ. ಆತ ಚೆರ್ಕೆಸ್ ಅಲ್ಲ, ಏಜಿಯನ್ ಬೆಟ್ಟಗಳ ಜೇಬೆಕ್. ಆತನೂ ಜನರಿಂದ ವಸೂಲಿ ಮಾಡಿದ, ಆತನೂ ಮನಬಂದಂತೆ ಗಲ್ಲಿಗೇರಿಸಿದ, ಆತನೂ ಸೇನೆಗೆ ಸೇರಲು ಹಿಂಜರಿದ. 1920ರ ಅದೇ ಡಿಸೆಂಬರ್‌ನಲ್ಲಿ ರೆಫೆತ್‌ನ ಸೇನೆ ಆತನ ಮೇಲೂ ಬಿತ್ತು. ದಂಡು ಚದುರಿತು. ಆತ ಶರಣಾದ, ಕ್ಷಮೆ ಸಿಕ್ಕಿತು, ತನ್ನ ನಾಡಲ್ಲೇ ಬದುಕಿದ. ಅವನಿಂದಾಗಿ ಜೇಬೆಕ್ ಹಳ್ಳಿಗಳನ್ನು ಯಾರೂ ಖಾಲಿ ಮಾಡಿಸಲಿಲ್ಲ.

ಎಥೆಮ್ ಗ್ರೀಕರ ಕಡೆ ಹೋದ, ಎಫೆ ಹೋಗಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ, ಒಪ್ಪುತ್ತೇನೆ. 1921ರಲ್ಲಿ ಗ್ರೀಕರ ಹಿಡಿತದ ಇಜ್ಮಿರ್‌ನಲ್ಲಿ ಕೆಲವು ಚೆರ್ಕೆಸ್ ಮುಖಂಡರು ಸೇರಿ ಒಂದು ಸಮಾವೇಶ ನಡೆಸಿ ಗ್ರೀಕರ ರಕ್ಷಣೆ ಕೇಳಿದ್ದೂ ಹೌದು. ಅಂಕಾರಾದ ಸಿಟ್ಟಿಗೆ ಅದು ಇನ್ನಷ್ಟು ಕಾರಣವಾಯಿತು. ಆದರೆ ಒಬ್ಬ ನಾಯಕ, ಒಂದು ಸಮಾವೇಶ ಮಾಡಿದ್ದಕ್ಕೆ ಹೊಲ ಉಳುವವನು ಹೇಗೆ ಹೊಣೆ?

ಹೊಣೆ ಮಾಡಲಾಯಿತು. ಯುದ್ಧ ಗೆದ್ದ ಮೇಲೆ, 1922ರ ಕೊನೆಯಿಂದ 1923ರ ನಡುವೆ, ಗ್ಯೋನೆನ್ ಮತ್ತು ಮನ್ಯಾಸ್ ಸುತ್ತಲಿನ 14 ಚೆರ್ಕೆಸ್ ಹಳ್ಳಿಗಳ ಜನರನ್ನು ಎಬ್ಬಿಸಿ ಅನಟೋಲಿಯಾದ ಒಳನಾಡಿಗೆ, ಪೂರ್ವಕ್ಕೆ ಸಾಗಿಸಿದರು. ದನಕರು, ಬೆಳೆ, ಸಾಮಾನು ಸಿಕ್ಕ ಬೆಲೆಗೆ ಹೋದವು. ಅಜ್ಜ ಅಜ್ಜಿಯರು 1864ರಲ್ಲಿ ದೋಣಿಯಿಂದ ಇಳಿದಿದ್ದರು. ಮೊಮ್ಮಕ್ಕಳು ಈಗ ಗಾಡಿ ಹತ್ತಿದರು. ಆ ಹಳ್ಳಿಗಳಲ್ಲಿ ಅಂಕಾರಾ ಪರ ಹೋರಾಡಿ ಬಂದವರ ಮನೆಗಳೂ ಇದ್ದವು. ಮುಂದೆ ವಾಪಸ್ ಬರಲು ಅನುಮತಿ ಸಿಕ್ಕಾಗ ಬಂದವರಿಗೆ ಬದುಕನ್ನು ಮತ್ತೆ ಮೊದಲಿಂದ ಶುರುಮಾಡಬೇಕಾಯಿತು.

ಯುದ್ಧದ ನಂತರ 1923ರಲ್ಲಿ ಆದ ಲೂಸಾನ್ ಶಾಂತಿ ಒಪ್ಪಂದದ ವೇಳೆ ಟರ್ಕಿ ಎಲ್ಲರಿಗೂ ಕ್ಷಮೆ ಕೊಡಲು ಒಪ್ಪಿತು, 150 ಜನರನ್ನು ಬಿಟ್ಟು. 1924ರಲ್ಲಿ ಆ 150 ಹೆಸರುಗಳ ಪಟ್ಟಿ ತಯಾರಾಯಿತು. ಎಥೆಮ್ ಮತ್ತು ಸೋದರರು ಅದರಲ್ಲಿದ್ದರು. ಸಾಮ್ರಾಜ್ಯದ ಜನಸಂಖ್ಯೆಯಲ್ಲಿ ಚಿಕ್ಕ ಪಾಲಿದ್ದ ಚೆರ್ಕೆಸ್ಸರು ಆ ಪಟ್ಟಿಯಲ್ಲಿ ಮಾತ್ರ ಅರ್ಧದಷ್ಟಿದ್ದರು. 1927ರಲ್ಲಿ ಕೆಮಾಲ್ ಆರು ದಿನ ಮಾಡಿದ ದೊಡ್ಡ ಭಾಷಣದಲ್ಲಿ ಎಥೆಮ್ ಸೋದರರ ದ್ರೋಹವನ್ನು ತಂತಿಗಳ ಸಮೇತ ವಿವರವಾಗಿ ಹೇಳಿದ. ಮುಂದೆ ಶಾಲೆಯ ಪಾಠಕ್ಕೆ ಇಳಿದದ್ದು ಆ ವಿವರಣೆಯೇ.

ಎಥೆಮ್ ಗ್ರೀಸ್, ಜರ್ಮನಿ ಸುತ್ತಿ ಕೊನೆಗೆ ಜೋರ್ಡಾನ್ ಸೇರಿದ. 1938ರಲ್ಲಿ ಟರ್ಕಿ ಆ 150 ಜನರಿಗೂ ಕ್ಷಮೆ ಘೋಷಿಸಿತು. ಆತ ಹಿಂದಿರುಗಲಿಲ್ಲ. 1940ರ ದಶಕದ ಕೊನೆಗೆ ಅಮ್ಮಾನ್‌ನಲ್ಲಿ ತೀರಿಕೊಂಡ, ಅಲ್ಲಿಯೇ ಸಮಾಧಿ. ಪಾಳುಬಿದ್ದಿದ್ದ ಆ ಊರಲ್ಲಿ 1878ರಲ್ಲಿ ಮತ್ತೆ ಮನೆ ಕಟ್ಟಿದವರು ಚೆರ್ಕೆಸ್ ನಿರಾಶ್ರಿತರು, ಅವರಲ್ಲಿ ಮೊದಲು ಬಂದವರು ಆತನದೇ ಶಾಪ್ಸುಗ್ ಪಂಗಡದವರು.

ಟರ್ಕಿಯ ಚೆರ್ಕೆಸ್ಸರಲ್ಲಿ ಈ ಪ್ರಕರಣ ಇನ್ನೂ ಮುಗಿದಿಲ್ಲ. ಪಾಠಪುಸ್ತಕಗಳಲ್ಲಿ ಅದು 'ಚೆರ್ಕೆಸ್ ಎಥೆಮ್ ದಂಗೆ' ಎಂದೇ ಬಂದಿದೆ. ತರಗತಿಯಲ್ಲಿ ಆ ಪುಟ ಬಂದಾಗ ಮಿಕ್ಕ ಮಕ್ಕಳೆಲ್ಲ ಒಬ್ಬ ಚೆರ್ಕೆಸ್ ಹುಡುಗನ ಕಡೆ ತಿರುಗಿ ನೋಡುವಂತಿದ್ದರೆ, ಆ ಪುಟವನ್ನು ತಿದ್ದಬೇಕು. ಎಥೆಮ್ ಮಾಡಿದ ತಪ್ಪುಗಳನ್ನು ಬಿಡದೆ ಬರೆಯಲಿ. ಜೊತೆಗೆ ಏಪ್ರಿಲ್ 1920ರಲ್ಲಿ ಆತ ಏನು ಮಾಡಿದ, ಆ 14 ಹಳ್ಳಿಗಳಿಗೆ ಏನಾಯಿತು ಎಂಬುದನ್ನೂ ಬರೆಯಲಿ.